ಉಡಿಕಿಯ ಸೀಮೆಯಲ್ಲಿ ಇಂದಿರಾಬಾಯಿ

ಕುಪ್ಪೇಲೂರು, ರಾಣೇಬೆನ್ನೂರು ಕಡೆಯ ಹಿರಿಯರಿಗೆ ‘ಉಡಿಕಿ’ ಅಂದರೆ ಬಿಡಿಸಿ ಹೇಳಬೇಕಿಲ್ಲ. ಗಂಡ ಸತ್ತವಳಿಗೆ, ಬಿಟ್ಟವಳಿಗೆ ಇನ್ನೊಬ್ಬ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು. ಹಂದರವಿಲ್ಲ, ವಾಲಗವಿಲ್ಲ. ರಾತ್ರಿ ಹೊತ್ತು, ನಾಲ್ಕು ಮಂದಿ ಹಿರಿಯರು, ಒಂದು ಸೀರೆ. ಬೆಳಗಾದರೆ ಸಂಸಾರ ಶುರು. ಆದರೆ ಮುಂದೆ ಯಾರದೇ ಮನೆಯ ಮದುವೆಯಾಗಲಿ, ಸುರಗಿ ಸುತ್ತಲು ಆಕೆಯನ್ನು ಕರೆಯುತ್ತಿರಲಿಲ್ಲ.

ಕನ್ನಡ ಕಾದಂಬರಿಯ ವಿಧವೆ ಈ ದಾರಿಯಿಂದ ಬಂದವಳಲ್ಲ. ವಿಧವಾ ವಿವಾಹಕ್ಕೆ 1856ರಲ್ಲೇ ಕಾಯ್ದೆಯ ಒಪ್ಪಿಗೆ ಸಿಕ್ಕಿತ್ತು. ಆದರೂ ಬ್ರಾಹ್ಮಣ ಮನೆಗಳಲ್ಲಿ ಉಡಿಕಿಯಂಥ ಹಿತ್ತಲ ಬಾಗಿಲೂ ಇರಲಿಲ್ಲ. ಇದ್ದದ್ದು ಕೆಂಪು ಸೀರೆ, ಬೋಳು ತಲೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು 1899ರಲ್ಲಿ. ಬರೆದವರು ಪೊಲೀಸ್ ಇಲಾಖೆಯವರು. ಭಕ್ತಿಯ ಸೋಗಿನ ಸಂತ ಮಂಡಳಿಯನ್ನು ಅವರು ಜಾಲಾಡುವ ರೀತಿಯಲ್ಲಿ ಆ ನೌಕರಿಯ ಕಣ್ಣು ಕಾಣುತ್ತದೆ. ಬಾಲವಿಧವೆ ಇಂದಿರೆ ತವರು ಬಿಟ್ಟು ಓಡಿ ಅಮೃತರಾಯರ ಆಶ್ರಯ ಸೇರುತ್ತಾಳೆ, ಓದುತ್ತಾಳೆ, ಭಾಸ್ಕರನನ್ನು ಮದುವೆಯಾಗುತ್ತಾಳೆ. ಕದ್ದುಮುಚ್ಚಿ ಅಲ್ಲ, ಹತ್ತು ಮಂದಿಯ ಎದುರಿಗೆ.

ನಮ್ಮ ಸೀಮೆಗೆ ಕಾದಂಬರಿಯ ರುಚಿ ಹತ್ತಿಸಿದವರು ಗಳಗನಾಥರು. ವರದೆ ತುಂಗಭದ್ರೆಗೆ ಸೇರುವ ಗಳಗನಾಥದವರು. ಹಾವೇರಿ ಬಳಿಯ ಅಗಡಿಯಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಅವರ ಕಥೆಗಳನ್ನು ಮನೆಮನೆಗೆ ತಲುಪಿಸಿತು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರೆಂದು ಈಗಲೂ ಹೇಳುತ್ತಾರೆ. ಅವರ ಒಲವು ಇತಿಹಾಸ, ಪುರಾಣ, ಸನ್ನಡತೆಯ ಕಡೆಗೆ. ಓಡಿಹೋಗುವ ಇಂದಿರೆಗೆ ಅಲ್ಲಿ ಜಾಗ ಕಡಿಮೆ.

ಹೆಣ್ಣೇ ಲೇಖನಿ ಹಿಡಿದಾಗಲೂ ದಾರಿ ನೆಟ್ಟಗಿರಲಿಲ್ಲ. ನಂಜನಗೂಡು ತಿರುಮಲಾಂಬ ಸ್ವತಃ ಬಾಲವಿಧವೆ. 1913ರ ಅವರ ‘ಸುಶೀಲೆ’ ಕೊಂಡಾಡುವುದು ಪತಿವ್ರತೆಯನ್ನು! ಅದನ್ನು ಹಿಂಜರಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ವಿಧವೆಯೊಬ್ಬಳು ಪುಸ್ತಕ ಬರೆದು, ತಾನೇ ಗ್ರಂಥಮಾಲೆ ಕಟ್ಟಿ ಹೊರತಂದದ್ದೇ ಆ ಕಾಲಕ್ಕೆ ಕಾದಂಬರಿಗಿಂತ ದೊಡ್ಡ ಸುದ್ದಿ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂದದ್ದು 1976ರಲ್ಲಿ. ಫಣಿಯಮ್ಮ ಮರುಮದುವೆಯಾಗುವುದಿಲ್ಲ, ಓಡಿಯೂ ಹೋಗುವುದಿಲ್ಲ. ಜೀವನವಿಡೀ ಮಡಿ ಹೆಂಗಸಾಗಿಯೇ ಉಳಿಯುತ್ತಾಳೆ. ಆದರೆ ಹರೆಯದ ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳಲಾರೆ ಎಂದಾಗ ಆ ಬೋಳು ತಲೆಯ ಮುದುಕಿ ನಿಲ್ಲುವುದು ಹುಡುಗಿಯ ಪರವಾಗಿ.

ಸೀರೆಯೊಂದನ್ನೇ ಸಾಕ್ಷಿ ಮಾಡಿಕೊಂಡು ರಾತ್ರಿ ಹೊಸ್ತಿಲು ದಾಟಿದ ಉಡಿಕಿಯ ಹೆಂಗಸನ್ನೇ ನಾಯಕಿ ಮಾಡಿದ ಹಳೆಯ ಕಾದಂಬರಿ ಮಾತ್ರ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ.