ಲಸಿಕೆಯ ನಂತರ ಎದೆನೋವು: ಯಾವುದನ್ನು ಗಮನಿಸಬೇಕು?

"ಲಸಿಕೆ ಹಾಕಿಸಿಕೊಂಡರೆ ಹೃದಯ ಕೆಡುತ್ತದಂತೆ, ಹೌದೇ?" 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೆ ಒಂದು ಬಂದಾಗ ಈ ಪ್ರಶ್ನೆ ರಾಜ್ಯದ ಎಲ್ಲೆಡೆ ಕೇಳಿಬಂತು. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವ ಪ್ರಶ್ನೆ ಇದಲ್ಲ. ಸಿಡುಬಿನ ಲಸಿಕೆಯ ಅನುಭವ ನೋಡಿದರೆ ವಿಷಯ ತಿಳಿಯಾಗುತ್ತದೆ.

ನಿಮ್ಮ ಮನೆಯ ಹಿರಿಯರ ತೋಳನ್ನು ನೋಡಿ. "ದೇವಿ ಹಾಕಿಸಿದ" ಗುರುತು ಇರಬಹುದು. ಆ ಲಸಿಕೆಯಿಂದಲೇ ಸಿಡುಬು ಜಗತ್ತಿನಿಂದ ತೊಲಗಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಘೋಷಿಸಿತು. ಆದರೆ 2002ರ ಡಿಸೆಂಬರಿನಲ್ಲಿ ಅಮೆರಿಕ ತನ್ನ ಸೈನಿಕರಿಗೆ ಮತ್ತೆ ಆ ಲಸಿಕೆ ಕೊಡತೊಡಗಿತು. ಮೊದಲ ಬಾರಿ ಲಸಿಕೆ ಪಡೆದ 2,30,734 ಸೈನಿಕರಲ್ಲಿ 18 ಮಂದಿಗೆ ಹೃದಯದ ಸ್ನಾಯು ಮತ್ತು ಹೊರಪೊರೆಯ ಉರಿಯೂತ ಕಂಡಿತು. ಲಸಿಕೆ ಪಡೆದ 7ರಿಂದ 19 ದಿನಗಳ ಒಳಗೆ ಅದು ಕಾಣಿಸಿಕೊಂಡಿತ್ತು. ಲಸಿಕೆ ಪಡೆದ ಕೆಲವರು ಹೃದಯಾಘಾತದಿಂದಲೂ ತೀರಿಕೊಂಡರು. 2003ರ ಮಾರ್ಚಿನಲ್ಲೇ, ಹೃದ್ರೋಗ ಇರುವವರಿಗೆ ಈ ಲಸಿಕೆ ಬೇಡ ಎಂಬ ಸೂಚನೆ ಹೊರಟಿತು.

ಆಮೇಲೆ ಲೆಕ್ಕ ಹಾಕಿದಾಗ ಎರಡು ಸಂಗತಿಗಳು ಬೇರೆಬೇರೆಯಾದವು. ಉರಿಯೂತ ಲಸಿಕೆಯಿಂದಲೇ ಆದದ್ದು. ಹೃದಯಾಘಾತಗಳು ಮಾತ್ರ ಆ ವಯಸ್ಸಿನವರಲ್ಲಿ ಲಸಿಕೆ ಇಲ್ಲದೆಯೂ ಆಗುವಷ್ಟೇ ಇದ್ದವು. ಲಸಿಕೆಯ ನಂತರ ಆದದ್ದೆಲ್ಲ ಲಸಿಕೆಯಿಂದ ಆದದ್ದಲ್ಲ. ಯಾವುದು ಹೇಗೆ ಎಂದು ತಿಳಿಯಲು ಪ್ರತಿಯೊಂದು ಪ್ರಕರಣವೂ ದಾಖಲಾಗಬೇಕು.

ನಮ್ಮಲ್ಲೂ ಇದೇ ಬಗೆಯ ಪರಿಶೀಲನೆ ನಡೆಯಿತು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ, ಎಳೆಯ ವಯಸ್ಸಿನ 251 ಹೃದ್ರೋಗಿಗಳನ್ನು ಪರಿಶೀಲಿಸಿ, ಕೋವಿಡ್ ಲಸಿಕೆಗೂ ಈ ಕಾಯಿಲೆಗೂ ಸಂಬಂಧ ಕಾಣಲಿಲ್ಲ ಎಂದಿತು. ಅವರಲ್ಲಿ 111 ಮಂದಿ ಧೂಮಪಾನಿಗಳು, 102 ಮಂದಿಗೆ ರಕ್ತದೊತ್ತಡ, 87 ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಕೆಲವು ವಿದೇಶಿ ಕೋವಿಡ್ ಲಸಿಕೆಗಳಿಂದ, ಮುಖ್ಯವಾಗಿ ಎರಡನೇ ಡೋಸಿನ ನಂತರ, ಯುವಕರಲ್ಲಿ ಹೃದಯ ಸ್ನಾಯುವಿನ ಉರಿಯೂತ ಅಪರೂಪಕ್ಕೆ ಆದದ್ದು ನಿಜ. ಆದರೆ ನಮ್ಮಲ್ಲಿ ಹೆಚ್ಚಾಗಿ ಕೊಟ್ಟ ಕೋವಿಶೀಲ್ಡ್, ಕೊವ್ಯಾಕ್ಸಿನ್ ಆ ಬಗೆಯವಲ್ಲ.

ಸಿಡುಬಿನ ಲಸಿಕೆ ಇಂದು ನಮ್ಮಲ್ಲಿ ಯಾರಿಗೂ ವಾಡಿಕೆಯಾಗಿ ಕೊಡುವುದಿಲ್ಲ. ಆದರೆ ಹಜ್‌ಗೆ ಹೊರಡುವವರು, ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವವರು, ಮಕ್ಕಳು, ಹಿರಿಯರು ಒಂದಲ್ಲ ಒಂದು ಲಸಿಕೆ ಪಡೆಯುತ್ತಲೇ ಇರುತ್ತಾರೆ. ಯಾವುದೇ ಲಸಿಕೆಗೂ ಈ ಎಚ್ಚರಿಕೆಗಳು ಒಳ್ಳೆಯವು:

• ಹೃದ್ರೋಗ, ಅಲರ್ಜಿ ಅಥವಾ ಹಿಂದೆ ಲಸಿಕೆಯಿಂದ ತೊಂದರೆ ಆಗಿದ್ದರೆ ಮೊದಲೇ ವೈದ್ಯರಿಗೆ ಹೇಳಿ.

• ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಲಸಿಕೆಯ ಹೆಸರು, ದಿನಾಂಕ ಇರುವ ಚೀಟಿ ಜೋಪಾನ ಮಾಡಿ.

• ತೋಳುನೋವು, ಒಂದೆರಡು ದಿನದ ಜ್ವರಕ್ಕೆ ಹೆದರಬೇಡಿ. ಆದರೆ ಮುಂದಿನ ದಿನಗಳಲ್ಲಿ ಎದೆನೋವು, ಉಸಿರಾಟದ ತೊಂದರೆ, ಎದೆ ಡವಗುಟ್ಟುವುದು, ತಲೆಸುತ್ತಿ ಬೀಳುವುದು ಕಂಡರೆ ತಡಮಾಡಬೇಡಿ. ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಮಲಗಬೇಡಿ.

ಸರ್ವಜ್ಞನಗರದವರು ಇಂಥ ಹೊತ್ತಿನಲ್ಲಿ ಟ್ರಾಫಿಕ್ ದಾಟಿ ಜಯನಗರದ ಕಡೆಯ ಜಯದೇವಕ್ಕೇ ಹೋಗಬೇಕೆಂದು ಹಟ ಹಿಡಿಯಬೇಕಿಲ್ಲ. 108ಕ್ಕೆ ಕರೆ ಮಾಡಿ, ಇಸಿಜಿ ಸೌಲಭ್ಯ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ಶಿವಾಜಿನಗರದ ಬೌರಿಂಗ್ ಸರ್ಕಾರಿ ಆಸ್ಪತ್ರೆಯೂ ಇದೆ. ಉರಿಯೂತವೋ ಹೃದಯಾಘಾತವೋ ಎಂದು ತಿಳಿಯಲು ಇಸಿಜಿ, ಟ್ರೋಪೋನಿನ್ ರಕ್ತಪರೀಕ್ಷೆ, ಎಕೋ ವೈದ್ಯರಿಗೆ ನೆರವಾಗುತ್ತವೆ. ಉರಿಯೂತ ಆದವರಲ್ಲಿ ಹೆಚ್ಚಿನವರು ಚಿಕಿತ್ಸೆ, ವಿಶ್ರಾಂತಿಯಿಂದ ಗುಣವಾಗುತ್ತಾರೆ. ವೈದ್ಯರು ಹೇಳುವವರೆಗೆ ಓಟ, ಜಿಮ್, ಭಾರ ಎತ್ತುವುದು ಬೇಡ.

ಕೊನೆಯದಾಗಿ, ಲಸಿಕೆ ಯಾವಾಗ ಪಡೆದಿರಿ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ; ಲಸಿಕೆ ಹಾಕಿದ ಆರೋಗ್ಯ ಕೇಂದ್ರಕ್ಕೂ ತಿಳಿಸಿ. ಅಲ್ಲಿಂದ ವರದಿ ಮೇಲಿನ ಅಧಿಕಾರಿಗಳಿಗೆ ಹೋಗಿ ತನಿಖೆಯಾಗುತ್ತದೆ. ವಾಟ್ಸಾಪ್‌ನಲ್ಲಿ ಹಂಚಿದ ಭಯದಿಂದ ಯಾರಿಗೂ ಉಪಯೋಗವಿಲ್ಲ. ಆರೋಗ್ಯ ಕೇಂದ್ರದಲ್ಲಿ ಬರೆಸಿದ ಒಂದು ದೂರು ಮುಂದಿನವರ ಜೀವ ಉಳಿಸಬಹುದು.