ಬಿಸಿ ಕೀಮೋ ಮುಗಿದ ಮೇಲೆ ಉಳಿಯುವ ಟ್ಯೂಬ್

ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿ ದುಡಿದು, ನಿವೃತ್ತಳಾಗಿ ನ್ಯಾಮತಿಗೆ ಬಂದು ನೆಲೆಸಿದ್ದೇನೆ. ಬೆಂಗಳೂರಿನ ಆಸ್ಪತ್ರೆಯ ಫೈಲು ಹಿಡಿದು ಮನೆಗೆ ಬರುವವರು ಇದ್ದೇ ಇರುತ್ತಾರೆ. ಬಿಸಿ ಕೀಮೋ ಆದವರ ಕಡೆಯವರು ಕೇಳುವುದು ಹೆಚ್ಚಾಗಿ ಇದನ್ನೇ: "ಅಕ್ಕಾರೆ, ಗಡ್ಡೆ ಇದ್ದದ್ದು ಗರ್ಭಕೋಶದ ಹತ್ರ. ಮೂತ್ರದ ದಾರಿಗೆ ಯಾಕೆ ಪೈಪ್ ಹಾಕಿದಾರೆ?"

ಅಂಡಾಶಯ, ದೊಡ್ಡ ಕರುಳು, ಅಪೆಂಡಿಕ್ಸ್‌ಗಳ ಕ್ಯಾನ್ಸರ್ ಕೆಲವರಲ್ಲಿ ಹೊಟ್ಟೆಯ ಒಳಪದರದ ಮೇಲೆಲ್ಲ ರಾಗಿ ಚೆಲ್ಲಿದ ಹಾಗೆ ಹರಡಿಬಿಡುತ್ತದೆ. ಕಣ್ಣಿಗೆ ಕಂಡದ್ದನ್ನೆಲ್ಲ ಸರ್ಜನ್ ತೆಗೆಯುತ್ತಾರೆ. ಕಾಣದೆ ಉಳಿದದ್ದಕ್ಕೆ, ಸುಮಾರು 41ರಿಂದ 43 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದ ಔಷಧವನ್ನು ಒಂದು–ಒಂದೂವರೆ ಗಂಟೆ ಹೊಟ್ಟೆಯೊಳಗೆ ಪಂಪಿನಿಂದ ಹರಿಸುತ್ತಾರೆ. ಇದೇ ಬಿಸಿ ಕೀಮೋ, ಅಂದರೆ ಹೈಪೆಕ್. ಅಮೆರಿಕದ ಪಾಲ್ ಶುಗರ್‌ಬೇಕರ್ ಬೆಳೆಸಿದ ಈ ಪದ್ಧತಿ ಈಗ ಬೆಂಗಳೂರಿನಲ್ಲೂ ಇದೆ. ಮಣಿಪಾಲ್ ಆಸ್ಪತ್ರೆಯಲ್ಲಿದ್ದಾಗ ಡಾ. ಎಸ್.ಪಿ. ಸೋಮಶೇಖರ್ ತಂಡ ತನ್ನ ಅನುಭವವನ್ನು ಪ್ರಕಟಿಸಿತ್ತು. ಅಂಡಾಶಯದ ಮೂರನೇ ಹಂತದ ಕ್ಯಾನ್ಸರ್ ಇದ್ದ 245 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಡಚ್ ಅಧ್ಯಯನದಲ್ಲಿ ಇದು ಆಯುಸ್ಸನ್ನು ಸುಮಾರು ಒಂದು ವರ್ಷ ಹೆಚ್ಚಿಸಿತು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಫ್ರಾನ್ಸಿನ ಅಧ್ಯಯನಕ್ಕೆ ಅಂಥ ಲಾಭ ಕಾಣಲಿಲ್ಲ. ಆದ್ದರಿಂದ ಖರ್ಚಿಗೆಂದು ಹೊಲ ಅಡವಿಡುವ ಮುಂಚೆ, ನಮ್ಮ ರೋಗಿಗೆ ಇದರಿಂದ ಏನು ಉಪಯೋಗ ಎಂದು ವೈದ್ಯರನ್ನು ಕೇಳಲೇಬೇಕು.

ಇನ್ನು ಪೈಪಿನ ವಿಷಯ. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ 25–30 ಸೆಂಟಿಮೀಟರ್ ಉದ್ದ, ಮೂರ್ನಾಲ್ಕು ಮಿಲಿಮೀಟರ್ ದಪ್ಪ. ಹೊಟ್ಟೆಯ ಒಳಪದರದ ಹಿಂದೆಯೇ ಅಂಟಿಕೊಂಡು ಇಳಿದು, ಗರ್ಭಕೋಶದ ರಕ್ತನಾಳದ ಅಡಿಯಲ್ಲಿ ನುಸುಳಿ ಹೋಗುತ್ತದೆ. ಗಡ್ಡೆ ಅದಕ್ಕೇ ಹತ್ತಿಕೊಂಡಿದ್ದರೆ ಯಾವುದು ನಾಳ, ಯಾವುದು ಗಡ್ಡೆ ಎಂದು ಬಿಡಿಸುವುದು ಎಂಥ ಪಳಗಿದ ಕೈಗೂ ಕಷ್ಟ. ಅದಕ್ಕೇ ಎಷ್ಟೋ ಕಡೆ, ಹೊಟ್ಟೆ ತೆರೆಯುವ ಮೊದಲೇ ಯೂರಾಲಜಿ ವೈದ್ಯರು ನಾಳದೊಳಗೆ ತೆಳು ಟ್ಯೂಬ್ ಹಾಕುತ್ತಾರೆ. ಸರ್ಜನ್‌ರ ಬೆರಳಿಗೆ ಅದು ಸಿಗುತ್ತದೆ. ಪೆಟ್ಟು ಬೀಳುವುದನ್ನು ಇದು ಪೂರ್ತಿ ತಪ್ಪಿಸದು; ಬಿದ್ದರೆ ಅಲ್ಲೇ ಗೊತ್ತಾಗಲು ನೆರವಾಗುತ್ತದೆ. ಟೇಬಲ್ ಮೇಲೆಯೇ ಗೊತ್ತಾದರೆ ಅರ್ಧ ಗೆದ್ದಂತೆ. ತುಂಡಾದ ನಾಳವನ್ನು ಸೇರಿಸಿ ಹೊಲಿಯಬಹುದು, ಇಲ್ಲವೇ ಮೂತ್ರಕೋಶಕ್ಕೆ ಹೊಸದಾಗಿ ಜೋಡಿಸಬಹುದು. ಮೂತ್ರಕೋಶ ಹರಿದಿದ್ದರೆ ಎರಡು ಪದರ ಹೊಲಿದು, ಒಂದೆರಡು ವಾರ ಕ್ಯಾಥೆಟರ್ ಬಿಡುತ್ತಾರೆ.

ಆದರೆ ಬಿಸಿ ಔಷಧ ತಾಗಿದ ಹೊಲಿಗೆ ನಿಧಾನವಾಗಿ ಕೂಡುತ್ತದೆ. ಕೆಲವು ದಿನ ಬಿಟ್ಟು ಸೋರಿಕೆ ಶುರುವಾಗಬಹುದು. ಡ್ರೈನ್ ಬಾಟಲಿಯ ನೀರು ಇದ್ದಕ್ಕಿದ್ದಂತೆ ಹೆಚ್ಚಿದರೆ ಅದರಲ್ಲಿ ಕ್ರಿಯಾಟಿನಿನ್ ನೋಡಿಸುತ್ತಾರೆ. ರಕ್ತದಲ್ಲಿರುವುದಕ್ಕಿಂತ ಬಹಳ ಜಾಸ್ತಿ ಬಂದರೆ ಅದು ಮೂತ್ರವೇ. ಸಿಸ್‌ಪ್ಲಾಟಿನ್ ಎಂಬ ಬಿಸಿ ಕೀಮೋ ಔಷಧ ಕಿಡ್ನಿಗೂ ಪೆಟ್ಟು ಕೊಡುವಂಥದ್ದು. ಹಾಗಾಗಿಯೇ ಡ್ರಿಪ್ ಹಾಕಿ ಗಂಟೆಗಂಟೆಗೂ ಮೂತ್ರ ಅಳೆಯುವುದು. ಮಧ್ಯರಾತ್ರಿ ನರ್ಸ್ ಬಂದು ಬ್ಯಾಗ್ ನೋಡಿದರೆ ಬೇಸರಪಡಬೇಡಿ.

ನನ್ನ ದೊಡ್ಡ ಚಿಂತೆ ಊರಿಗೆ ಬಂದ ನಂತರದ್ದು. ಮೂತ್ರನಾಳದೊಳಗೆ ಬಿಟ್ಟ ಟ್ಯೂಬಿಗೆ ಡಿಜೆ ಸ್ಟೆಂಟ್ ಎನ್ನುತ್ತಾರೆ; ಅದು ಹೊರಗೆ ಕಾಣದು. ಹೃದಯಕ್ಕೆ ಹಾಕಿದ ಸ್ಟೆಂಟ್ ಕೊನೆತನಕ ಇರುತ್ತದೆ, ಇದೂ ಹಾಗೇ ಎಂದುಕೊಂಡವರನ್ನು ಕಂಡಿದ್ದೇನೆ. ಇದು ಹಾಗಲ್ಲ. ವೈದ್ಯರು ಹೇಳಿದ ಗಡುವಿನಲ್ಲಿ, ಸಾಮಾನ್ಯವಾಗಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ, ತೆಗೆಸಬೇಕು ಇಲ್ಲವೇ ಬದಲಿಸಬೇಕು. ಮರೆತರೆ ಅದರ ಮೇಲೆ ಕಲ್ಲು ಕಟ್ಟಿಕೊಂಡು ಸೋಂಕಾಗಿ ಕಿಡ್ನಿಯೇ ಹೋಗಬಹುದು. ಸ್ಟೆಂಟ್ ಇರುವಾಗ ಸ್ವಲ್ಪ ಉರಿ, ಮೇಲಿಂದ ಮೇಲೆ ಮೂತ್ರಕ್ಕೆ ಹೋಗುವುದು ಸಹಜ. ಚಳಿಜ್ವರ, ಪಕ್ಕೆನೋವು, ಮೂತ್ರ ಕಟ್ಟುವುದು ಸಹಜವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೆಂಟ್ ಹಾಕಿದ ದಿನ, ಯಾವ ಕಡೆ, ಯಾವಾಗ ತೆಗೆಯಬೇಕು ಎಂಬುದನ್ನು ಬರೆಸಿಕೊಳ್ಳಿ. ಆಪರೇಷನ್ ಮಾಡಿದ ವೈದ್ಯರು ಒಪ್ಪಿದರೆ ಅದನ್ನು ತೆಗೆಸಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಶಿವಮೊಗ್ಗ, ದಾವಣಗೆರೆಯ ಯೂರಾಲಜಿ ವೈದ್ಯರು ದುರ್ಬೀನು ಹಾಕಿ ಕೆಲವೇ ನಿಮಿಷದಲ್ಲಿ ತೆಗೆಯುತ್ತಾರೆ. ಚೀಟಿ ಕಳೆದುಹೋಗಿದ್ದರೂ ಹೊಟ್ಟೆಯ ಒಂದು ಎಕ್ಸ್‌ರೇಯಲ್ಲಿ ಸ್ಟೆಂಟ್ ಕಾಣುತ್ತದೆ.