ಕತ್ತು ನೀಡಿದ ಹಸುಗಳು

ಸೋಮನಾಥಪುರದ ಕೇಶವ ದೇವಾಲಯದಲ್ಲಿ ಹೊರಗೋಡೆಯ ಆನೆ, ಕುದುರೆ, ಬಳ್ಳಿ, ಪುರಾಣದ ಸಾಲುಗಳನ್ನು ಸುತ್ತುವಷ್ಟರಲ್ಲೇ ಕಣ್ಣು ದಣಿಯುತ್ತದೆ. ಒಳಗೆ ಕಾಲಿಡುವ ಹೊತ್ತಿಗೆ ಅರ್ಧ ಮನಸ್ಸು ಆಚೆಯ ಎಳನೀರಿನ ಕಡೆಗೆ. ದಕ್ಷಿಣದ ಗರ್ಭಗುಡಿಗೆ ಇದರಿಂದ ಅನ್ಯಾಯವಾಗಿದೆ.

ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ, ಮೂರು ಗರ್ಭಗುಡಿಗಳ ತ್ರಿಕೂಟವಿದು. ನಡುವಿನ ಕೇಶವನ ಮೂಲ ವಿಗ್ರಹ ಉಳಿದಿಲ್ಲ. ಉತ್ತರಕ್ಕೆ ಜನಾರ್ದನ, ದಕ್ಷಿಣಕ್ಕೆ ವೇಣುಗೋಪಾಲ. ಮಿರುಗುವ ಕಂಬಗಳ ನಡುವೆ ಹಾದು ದಕ್ಷಿಣದ ಬಾಗಿಲಿಗೆ ಬಂದರೆ ಮೊದಲು ಬರೀ ಕತ್ತಲು. ಕಣ್ಣು ಒಗ್ಗಿದಂತೆ ಮರವೊಂದು ತಿಳಿಯಾಗುತ್ತದೆ, ಅದರಡಿ ಕಾಲಿಗೆ ಕಾಲು ಅಡ್ಡವಿಟ್ಟು ಬಳುಕಿ ನಿಂತು ಕೊಳಲೂದುವ ಕೃಷ್ಣ. ಸುತ್ತ ಗೋಪಿಯರು, ಗೋವಳರು, ಋಷಿಗಳು. ಕೆಳಗೆ ಕತ್ತು ನೀಡಿ ಮೈಮರೆತ ಹಸುಗಳು. ಕಲ್ಲಿನಲ್ಲಿ ನಾದ ಕಡೆಯಲಾಗದೆಂದು ಶಿಲ್ಪಿಗೆ ಗೊತ್ತಿತ್ತು, ಕೇಳುವವರನ್ನು ಕಡೆದ. ನನಗಂತೂ ಕೃಷ್ಣನಿಗಿಂತ ಆ ಹಸುಗಳೇ ಮೇಲು.

ಇಲ್ಲಿ ಕೇಳುಗರೆಲ್ಲ ವಾದಕನ ಮಗ್ಗುಲಲ್ಲೇ ಇದ್ದಾರೆ. ಯುರೋಪಿನ ರೊಮ್ಯಾಂಟಿಕ್ ಕಾಲದ ಕೊಳಲಿಗರಿಗೆ ಆ ಸುಖವಿರಲಿಲ್ಲ. ಸಭಾಂಗಣ ದೊಡ್ಡದಾಯಿತು, ಪಿಟೀಲುಗಳ ದಂಡು ಬೆಳೆಯಿತು, ಅದರ ನಡುವೆ ಮರದ ಕೊಳಲು ಮಂಕಾಯಿತು. ಮ್ಯೂನಿಕ್‌ನ ಅಕ್ಕಸಾಲಿಯ ಮಗ ಥಿಯೊಬಾಲ್ಡ್ ಬೋಮ್ (1794–1881) ಆಸ್ಥಾನದ ವಾದ್ಯವೃಂದದಲ್ಲಿ ಕೊಳಲು ನುಡಿಸುತ್ತಿದ್ದ, ಕೊಳಲಿಗೆಂದೇ ಕೃತಿಗಳನ್ನೂ ರಚಿಸುತ್ತಿದ್ದ. 1831ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ನಿಕೋಲ್ಸನ್ ನುಡಿಸಿದ ದೊಡ್ಡ ತೂತುಗಳ ಕೊಳಲು ಕೇಳಿದ ಮೇಲೆ ತನ್ನ ವಾದ್ಯ ಅವನಿಗೆ ಸಪ್ಪೆಯಾಗಿ ಹೋಯಿತು. ಬೆರಳಿಗೆ ಎಟುಕುವ ಕಡೆ ತೂತು ಕೊರೆಯುವ ರೂಢಿಯನ್ನೇ ಬಿಟ್ಟ. ಸ್ವರ ಸರಿಯಾಗಿ ಹುಟ್ಟುವ ಜಾಗ ಹುಡುಕಿ ಅಲ್ಲೇ ಕೊರೆದ; ಎಟುಕದ ತೂತು ಮುಚ್ಚಲು ಕೀಲಿಗಳನ್ನು ಹೂಡಿದ. 1847ರ ಅವನ ಲೋಹದ ಕೊಳಲೇ ಇಂದಿನ ಪಾಶ್ಚಾತ್ಯ ಕೊಳಲಿನ ಮೂಲ.

ದನಿ ದೊಡ್ಡದಾಯಿತು, ಆದರೆ ಬೆರಳಿಗೂ ತೂತಿಗೂ ನಡುವೆ ಮುಚ್ಚಳ ಬಂತು. ತೂತನ್ನು ಅರ್ಧ, ಕಾಲು ತೆರೆದು ಸ್ವರವನ್ನು ಜಾರಿಸುವ ನಮ್ಮ ಗಮಕಕ್ಕೆ ಆ ಮುಚ್ಚಳ ಒಗ್ಗದು. ಕರ್ನಾಟಕ ಸಂಗೀತದ ಕಚೇರಿಯಲ್ಲಿ ಇಂದಿಗೂ ನಡೆಯುವುದು ಎಂಟು ಬೆರಳ ತೂತಿನ ಬಿದಿರ ಕೊಳಲೇ.